ಆಫ್ರಿಕಾ ಖಂಡ: ಭೂಪರಿಚಯ, ಜನಜೀವನ ಮತ್ತು ಪ್ರವಾಸ ಮಾಹಿತಿ

ಪೀಠಿಕೆ

ವಿಸ್ತೀರ್ಣ ಮತ್ತು ಜನಸಂಖ್ಯೆ ಎರಡರಲ್ಲಿಯೂ ಆಫ್ರಿಕಾವು ಏಷ್ಯಾದ ನಂತರ ಎರಡನೆಯ ಸ್ಥಾನದಲ್ಲಿರುವ ಖಂಡವಾಗಿದೆ. ಇದರ ವಿಸ್ತೀರ್ಣ ಸುಮಾರು 3.03 ಕೋಟಿ ಚದರ ಕಿ.ಮೀ.ಗಳಾಗಿದ್ದು, ಭೂಮಿಯ ಒಟ್ಟು ನೆಲಭಾಗದ ಐದನೆಯ ಒಂದು ಭಾಗದಷ್ಟಿದೆ. ಭಾರತದಂತಹ ಒಂಬತ್ತು ದೇಶಗಳು, ಕರ್ನಾಟಕದಂತಹ ನೂರೈವತ್ತಕ್ಕೂ ಹೆಚ್ಚು ರಾಜ್ಯಗಳು ಇದರಲ್ಲಿ ಅಡಕವಾಗಬಲ್ಲವು. ವಿಶ್ವಸಂಸ್ಥೆಯ ಸದಸ್ಯತ್ವ ಪಡೆದಿರುವ 54 ರಾಷ್ಟ್ರಗಳು ಈ ಖಂಡದಲ್ಲಿವೆ. ಸುಮಾರು 150 ಕೋಟಿ ಜನರು ವಾಸಿಸುತ್ತಿದ್ದು, ಬಳಕೆಯಲ್ಲಿರುವ ಭಾಷೆಗಳ ಸಂಖ್ಯೆ 2,000ದಷ್ಟಿದೆ ಎಂದು ಅಂದಾಜಿಸಲಾಗಿದೆ.

ಹೀಗಿದ್ದರೂ ಆಫ್ರಿಕಾವನ್ನು ಒಂದು ದೇಶವೆಂಬಂತೆ ಮಾತನಾಡುವ ರೂಢಿ ನಮ್ಮಲ್ಲಿದೆ. ಈ ತಪ್ಪು ತಿಳಿವಳಿಕೆಯಿಂದ ಪ್ರವಾಸಿಗರಿಗೆ ಹಣ, ಸಮಯ ಮತ್ತು ಕೆಲವೊಮ್ಮೆ ಆರೋಗ್ಯದ ನಷ್ಟವೂ ಆಗುತ್ತದೆ. ಖಂಡದ ಯಾವ ಭಾಗಕ್ಕೆ, ಯಾವ ತಿಂಗಳಲ್ಲಿ, ಯಾವ ಉದ್ದೇಶಕ್ಕಾಗಿ ಹೋಗಬೇಕು ಎಂಬುದನ್ನು ಮೊದಲು ನಿರ್ಧರಿಸಿಕೊಂಡವರಿಗೆ ಆಫ್ರಿಕಾ ಪ್ರವಾಸವು ಫಲಪ್ರದವಾಗುತ್ತದೆ. ಸಾರ್ವಜನಿಕರು, ವಿದ್ಯಾರ್ಥಿಗಳು ಹಾಗೂ ಪ್ರವಾಸಾಸಕ್ತರಿಗೆ ಈ ನಿಟ್ಟಿನಲ್ಲಿ ಅಗತ್ಯವಾದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಭೂ ಸ್ವರೂಪ

ಭಾರತದ ಉತ್ತರ-ದಕ್ಷಿಣ ಉದ್ದ 3,214 ಕಿ.ಮೀ. ಆದರೆ, ಟ್ಯುನೀಷಿಯಾದ ಉತ್ತರ ತುದಿಯಿಂದ ದಕ್ಷಿಣ ಆಫ್ರಿಕಾದ ಅಗುಲ್ಹಾಸ್ ಭೂಶಿರದವರೆಗಿನ ಉದ್ದ ಸುಮಾರು 8,000 ಕಿ.ಮೀ. ಸಮಭಾಜಕ ವೃತ್ತವು ಖಂಡದ ನಡುವೆ ಹಾದುಹೋಗುತ್ತದೆ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳೆರಡೂ ಹಾದುಹೋಗುವ ಏಕೈಕ ಖಂಡ ಇದಾಗಿದೆ.

ಉತ್ತರದಲ್ಲಿ ಸಹರಾ ಮರುಭೂಮಿಯು ಸುಮಾರು 90 ಲಕ್ಷ ಚದರ ಕಿ.ಮೀ. ಪ್ರದೇಶವನ್ನು ವ್ಯಾಪಿಸಿದೆ. ಸಹರಾ ಎಂದರೆ ಮರಳಿನ ದಿಬ್ಬಗಳೆಂಬ ಭಾವನೆ ಸಾಮಾನ್ಯವಾಗಿದ್ದರೂ, ಮರಳು ಇರುವುದು ಅದರ ಕಾಲುಭಾಗದಷ್ಟು ಪ್ರದೇಶದಲ್ಲಿ ಮಾತ್ರ. ಉಳಿದದ್ದು ಬಂಡೆ, ನುರುಜುಕಲ್ಲು ಮತ್ತು ಪರ್ವತಗಳಿಂದ ಕೂಡಿದೆ. ಆಲ್ಜೀರಿಯಾದ ತಸ್ಸಿಲಿ ಪ್ರಸ್ಥಭೂಮಿಯ ಬಂಡೆಗಳ ಮೇಲಿನ ಪ್ರಾಚೀನ ಚಿತ್ರಗಳಲ್ಲಿ ದನಗಳ ಮಂದೆ ಹಾಗೂ ಜಿರಾಫೆಗಳು ಕಾಣಸಿಗುತ್ತವೆ. ಈ ಮರುಭೂಮಿ ಒಂದು ಕಾಲದಲ್ಲಿ ಹುಲ್ಲುಗಾವಲಾಗಿತ್ತು ಎಂಬುದಕ್ಕೆ ಇವು ಸಾಕ್ಷಿಯಾಗಿವೆ. ಸಹರಾದ ದಕ್ಷಿಣ ಅಂಚಿನಲ್ಲಿ ಸಾಹೇಲ್ ಎಂಬ ಅರೆಶುಷ್ಕ ಪಟ್ಟಿಯಿದೆ. ಅದರ ಕೆಳಗೆ ಹುಲ್ಲುಗಾವಲು, ನಂತರ ಕಾಂಗೋ ನದಿ ಕೊಳ್ಳದ ದಟ್ಟ ಮಳೆಕಾಡು ಬರುತ್ತದೆ. ಕಾಂಗೋ ನದಿಯು ಸಮಭಾಜಕ ವೃತ್ತವನ್ನು ಎರಡು ಬಾರಿ ದಾಟುತ್ತದೆ. ಪ್ರಪಂಚದ ಅತ್ಯಂತ ಆಳವಾದ ನದಿಯೂ ಇದೇ ಆಗಿದೆ.

ಪೂರ್ವ ಭಾಗದಲ್ಲಿ ಭೂಮಿಯ ಹೊರಪದರವು ನಿಧಾನವಾಗಿ ಬಿರಿಯುತ್ತಿರುವುದರಿಂದ ಮಹಾ ಬಿರುಕು ಕಣಿವೆ ಉಂಟಾಗಿದೆ. ಸುಮಾರು 1,470 ಮೀಟರ್ ಆಳವಿರುವ ಟಾಂಗನಿಕಾ ಸರೋವರ ಈ ಕಣಿವೆಯಲ್ಲಿದೆ. ಕಣಿವೆಯ ಎರಡು ಕವಲುಗಳ ನಡುವೆ ವಿಕ್ಟೋರಿಯಾ ಸರೋವರವಿದ್ದು, ವಿಸ್ತೀರ್ಣದಲ್ಲಿ ಪ್ರಪಂಚದ ಎರಡನೆಯ ಅತಿ ದೊಡ್ಡ ಸಿಹಿನೀರಿನ ಸರೋವರವಾಗಿದೆ. ಖಂಡದ ಅತ್ಯುನ್ನತ ಶಿಖರವಾದ ಕಿಲಿಮಾಂಜಾರೋ (5,895 ಮೀಟರ್) ಟಾಂಜಾನಿಯಾದಲ್ಲಿದೆ. ಸಮಭಾಜಕ ವೃತ್ತಕ್ಕೆ ಇಷ್ಟು ಸಮೀಪದಲ್ಲಿದ್ದರೂ ಅದರ ನೆತ್ತಿಯಲ್ಲಿ ಹಿಮವಿರುತ್ತದೆ. 1912ರಲ್ಲಿ ಅಲ್ಲಿದ್ದ ಹಿಮರಾಶಿಯ ಬಹುಭಾಗವು ಈಗ ಕರಗಿಹೋಗಿದೆ.

ಸುಮಾರು 6,650 ಕಿ.ಮೀ. ಉದ್ದದ ನೈಲ್ ನದಿಗೆ ಎರಡು ಮುಖ್ಯ ಕವಲುಗಳಿವೆ. ಬಿಳಿ ನೈಲ್ ಮಹಾ ಸರೋವರಗಳ ಪ್ರದೇಶದಿಂದಲೂ, ನೀಲಿ ನೈಲ್ ಇಥಿಯೋಪಿಯಾದ ತಾನಾ ಸರೋವರದಿಂದಲೂ ಬಂದು ಸುಡಾನಿನ ಖಾರ್ಟೂಮ್ ನಗರದಲ್ಲಿ ಕೂಡುತ್ತವೆ. ಇಥಿಯೋಪಿಯಾವು ನೀಲಿ ನೈಲ್‌ಗೆ ಅಡ್ಡಲಾಗಿ ನಿರ್ಮಿಸಿದ ಬೃಹತ್ ಅಣೆಕಟ್ಟು 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಅಂತರರಾಜ್ಯ ನದಿ ವಿವಾದಗಳನ್ನು ಬಲ್ಲ ನಮ್ಮ ಓದುಗರಿಗೆ, ಈ ನೀರಿನ ಹಂಚಿಕೆ ಕುರಿತು ಈಜಿಪ್ಟ್ ಮತ್ತು ಇಥಿಯೋಪಿಯಾಗಳ ನಡುವೆ ಇರುವ ಭಿನ್ನಾಭಿಪ್ರಾಯದ ತೀವ್ರತೆಯನ್ನು ವಿವರಿಸಬೇಕಾಗಿಲ್ಲ.

ಜನರು, ಭಾಷೆ ಮತ್ತು ಸಂಸ್ಕೃತಿ

ಆಫ್ರಿಕಾದ ಇಂದಿನ ಗಡಿರೇಖೆಗಳ ಬಹುಪಾಲು ಅಲ್ಲಿನ ಜನರು ಎಳೆದುಕೊಂಡವುಗಳಲ್ಲ. 1884-85ರ ಬರ್ಲಿನ್ ಸಮ್ಮೇಳನದಲ್ಲಿ ಯೂರೋಪಿನ ರಾಷ್ಟ್ರಗಳು ಖಂಡವನ್ನು ಹಂಚಿಕೊಳ್ಳುವ ನಿಯಮಗಳನ್ನು ರೂಪಿಸಿದಾಗ ಆಫ್ರಿಕಾದ ಒಬ್ಬ ಪ್ರತಿನಿಧಿಯೂ ಅಲ್ಲಿರಲಿಲ್ಲ. 1914ರ ವೇಳೆಗೆ ಸ್ವತಂತ್ರವಾಗಿ ಉಳಿದಿದ್ದವು ಇಥಿಯೋಪಿಯಾ ಮತ್ತು ಲೈಬೀರಿಯಾ ಮಾತ್ರ. ಹೀಗಾಗಿ ದನಗಾಹಿಗಳಾದ ಮಾಸಾಯಿ ಜನರು ಕೀನ್ಯಾ ಮತ್ತು ಟಾಂಜಾನಿಯಾಗಳ ನಡುವೆ ಹಂಚಿಹೋದರು. ಪರಸ್ಪರ ಭಾಷೆ ಅರಿಯದ ನೂರಾರು ಸಮುದಾಯಗಳು ಒಂದೇ ಆಡಳಿತದ ಅಡಿಯಲ್ಲಿ ಸೇರಿದವು. 1957ರಲ್ಲಿ ಘಾನಾ ಸ್ವಾತಂತ್ರ್ಯ ಪಡೆಯಿತು. 1960ರ ಒಂದೇ ವರ್ಷದಲ್ಲಿ 17 ದೇಶಗಳು ಸ್ವತಂತ್ರವಾದವು. 2011ರಲ್ಲಿ ರಚನೆಯಾದ ದಕ್ಷಿಣ ಸುಡಾನ್ ಅತ್ಯಂತ ಕಿರಿಯ ರಾಷ್ಟ್ರವಾಗಿದೆ.

ಖಂಡದ ಭಾಷಾ ಸಂಪತ್ತು ಅಪಾರವಾದುದು. ಇಥಿಯೋಪಿಯಾದ ಅಂಹಾರಿಕ್ ಭಾಷೆಗೆ ಗೀಜ್ ಎಂಬ ಪ್ರಾಚೀನ ಲಿಪಿಯಿದೆ. ಸಹರಾದ ತುವಾರೆಗ್ ಜನರು ತಿಫಿನಾಗ್ ಲಿಪಿಯನ್ನು ಬಳಸುತ್ತಾರೆ. ದಕ್ಷಿಣದ ಕೆಲವು ಭಾಷೆಗಳಲ್ಲಿ ನಾಲಿಗೆಯಿಂದ ಲೊಚಗುಟ್ಟುವ ಧ್ವನಿಗಳೂ ವ್ಯಂಜನಗಳಾಗಿವೆ. ಮಡಗಾಸ್ಕರ್ ದ್ವೀಪದ ಭಾಷೆಯ ಹತ್ತಿರದ ಬಂಧುಗಳು ಆಫ್ರಿಕಾದಲ್ಲಿಲ್ಲ. ಅವು ಆಗ್ನೇಯ ಏಷ್ಯಾದ ಬೋರ್ನಿಯೋದಲ್ಲಿವೆ. ಸಾಗರ ದಾಟಿ ಬಂದ ನಾವಿಕರ ವಂಶಸ್ಥರು ಅದನ್ನು ಉಳಿಸಿಕೊಂಡಿದ್ದಾರೆ.

ಬರೆದಿಟ್ಟ ದಾಖಲೆಗಳಿಲ್ಲದ ಕಡೆಗಳಲ್ಲಿ ಇತಿಹಾಸವು ಕಂಠಸ್ಥ ರೂಪದಲ್ಲಿ ಉಳಿದುಬಂದಿದೆ. ಪಶ್ಚಿಮ ಆಫ್ರಿಕಾದ ಗ್ರಿಯೋ ಎಂಬ ಗಾಯಕ ಮನೆತನಗಳು ಅರಸರ ಹಾಗೂ ಕುಟುಂಬಗಳ ವಂಶಾವಳಿಯನ್ನು ತಲೆಮಾರುಗಳಿಂದ ನೆನಪಿನಲ್ಲಿಟ್ಟುಕೊಂಡು ಹಾಡುತ್ತಾ ಬಂದಿವೆ. ಮನೆತನಗಳ ಮೂಲಪುರುಷರ ವಿವರ ಹೇಳುತ್ತಾ ಊರೂರು ತಿರುಗುವ ನಮ್ಮ ಹೆಳವರನ್ನು ಬಲ್ಲವರಿಗೆ ಈ ಪದ್ಧತಿ ಅಪರಿಚಿತವೆನಿಸದು. ಮಾಲಿ ಸಾಮ್ರಾಜ್ಯದ ಸ್ಥಾಪಕನಾದ ಸುಂಡಿಯಾಟಾನ ಮಹಾಕಾವ್ಯವು ಇಂತಹ ಗಾಯಕರಿಂದಲೇ ಉಳಿದುಬಂದಿದೆ.

ಸ್ಮಾರಕಗಳು ಮತ್ತು ಇತಿಹಾಸ

ಈಜಿಪ್ಟಿನ ಗಿಜಾದಲ್ಲಿರುವ ಮಹಾ ಪಿರಮಿಡ್ ಸುಮಾರು 4,500 ವರ್ಷಗಳಷ್ಟು ಹಳೆಯದು. ಇದರ ಸಮೀಪದಲ್ಲಿ ನಿರ್ಮಿಸಲಾದ ಬೃಹತ್ ವಸ್ತುಸಂಗ್ರಹಾಲಯವು 2025ರ ನವೆಂಬರ್ 1ರಂದು ಅಧಿಕೃತವಾಗಿ ಉದ್ಘಾಟನೆಗೊಂಡಿದೆ. ಪಿರಮಿಡ್‌ಗಳ ಸಂಖ್ಯೆಯಲ್ಲಿ ಈಜಿಪ್ಟನ್ನು ಮೀರಿಸುವ ದೇಶ ಸುಡಾನ್ ಎಂಬುದು ಹಲವರಿಗೆ ತಿಳಿದಿರುವುದಿಲ್ಲ. ಅಲ್ಲಿ ಪ್ರಾಚೀನ ಕುಶ್ ರಾಜ್ಯದ 200ಕ್ಕೂ ಹೆಚ್ಚು ಪಿರಮಿಡ್‌ಗಳಿವೆ.

ಇಥಿಯೋಪಿಯಾದ ಲಾಲಿಬೆಲಾದಲ್ಲಿ ಒಂದೇ ಶಿಲೆಯನ್ನು ಮೇಲಿನಿಂದ ಕೆಳಕ್ಕೆ ಕೊರೆದು ನಿರ್ಮಿಸಿದ 11 ಚರ್ಚುಗಳಿವೆ. ಎಲ್ಲೋರದ ಕೈಲಾಸ ದೇವಾಲಯದಲ್ಲಿ ಅನುಸರಿಸಿದ ಕ್ರಮವೂ ಇದೇ ಆಗಿರುವುದು ಗಮನಾರ್ಹ. ಮಾಲಿ ದೇಶದ ಜೆನ್ನೆ ಪಟ್ಟಣದ ಮಸೀದಿಯು ಸಂಪೂರ್ಣವಾಗಿ ಮಣ್ಣಿನಿಂದ ನಿರ್ಮಿತವಾಗಿದ್ದು, ಈಗಿನ ಕಟ್ಟಡ 1907ರದ್ದಾಗಿದೆ. ಮಳೆಯಿಂದ ಸವೆಯುವ ಗೋಡೆಗಳಿಗೆ ಪ್ರತಿವರ್ಷವೂ ಇಡೀ ಊರಿನವರು ಸೇರಿ ಮಣ್ಣು ಮೆತ್ತುವುದು ಅಲ್ಲಿ ಹಬ್ಬವಾಗಿ ನಡೆದುಬಂದಿದೆ.

ದಕ್ಷಿಣದ ಮಹಾ ಜಿಂಬಾಬ್ವೆಯ ಕೋಟೆಗೋಡೆಗಳನ್ನು ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಲಾಗಿದೆ. 11ರಿಂದ 15ನೆಯ ಶತಮಾನದ ನಡುವೆ ಸ್ಥಳೀಯ ಶೋನಾ ಜನರ ಪೂರ್ವಜರು ಇವುಗಳನ್ನು ಕಟ್ಟಿದರು. ಆಫ್ರಿಕನ್ನರಿಂದ ಇಂತಹ ನಿರ್ಮಾಣ ಸಾಧ್ಯವಿಲ್ಲವೆಂದು ವಸಾಹತು ಕಾಲದ ಅನೇಕರು ವಾದಿಸಿದ್ದರು. ಉತ್ಖನನಗಳು ಆ ವಾದವನ್ನು ಸುಳ್ಳಾಗಿಸಿದವು. 1980ರಲ್ಲಿ ಸ್ವತಂತ್ರವಾದ ದೇಶವು ಈ ಸ್ಮಾರಕದ ಹೆಸರನ್ನೇ ತನ್ನದಾಗಿಸಿಕೊಂಡಿತು.

ನೋವಿನ ನೆನಪನ್ನು ಕಾಪಾಡುವ ತಾಣಗಳೂ ಇಲ್ಲಿವೆ. ಅಟ್ಲಾಂಟಿಕ್ ಸಾಗರದಾಚೆಗೆ ಸುಮಾರು 1.25 ಕೋಟಿ ಆಫ್ರಿಕನ್ನರನ್ನು ಗುಲಾಮರನ್ನಾಗಿ ಹಡಗುಗಳಲ್ಲಿ ಸಾಗಿಸಲಾಯಿತೆಂದು ಇತಿಹಾಸಕಾರರು ಅಂದಾಜಿಸಿದ್ದಾರೆ. ಪೋರ್ಚುಗೀಸರು 1482ರಲ್ಲಿ ಘಾನಾದ ಎಲ್ಮಿನಾದಲ್ಲಿ ಕಟ್ಟಿದ ಕೋಟೆಯು ಈ ವ್ಯಾಪಾರದ ಕೇಂದ್ರಗಳಲ್ಲಿ ಒಂದಾಗಿತ್ತು. ಪೂರ್ವ ಕರಾವಳಿಯ ಜಾಂಜಿಬಾರ್‌ನಲ್ಲಿದ್ದ ಗುಲಾಮರ ಮಾರುಕಟ್ಟೆಯನ್ನು 1873ರಲ್ಲಿ ಮುಚ್ಚಲಾಯಿತು. ನೆಲ್ಸನ್ ಮಂಡೇಲಾ ಅವರು ತಮ್ಮ 27 ವರ್ಷಗಳ ಸೆರೆವಾಸದಲ್ಲಿ 18 ವರ್ಷಗಳನ್ನು ಕಳೆದ ರಾಬೆನ್ ದ್ವೀಪವು ಈಗ ವಸ್ತುಸಂಗ್ರಹಾಲಯವಾಗಿದೆ. ಇಂತಹ ಸ್ಥಳಗಳಲ್ಲಿ ಪ್ರವಾಸಿಗರು ಗಾಂಭೀರ್ಯದಿಂದ ವರ್ತಿಸುವುದು ಅಪೇಕ್ಷಣೀಯ.

ಭಾರತ ಹಾಗೂ ಕರ್ನಾಟಕದೊಂದಿಗೆ ಸಂಬಂಧ

ಆಫ್ರಿಕಾ ಮತ್ತು ಭಾರತದ ಸಂಬಂಧವನ್ನು ಬೆಸೆದದ್ದು ಮುಖ್ಯವಾಗಿ ಮಾನ್ಸೂನ್ ಮಾರುತಗಳು. ಸುಮಾರು ನವೆಂಬರ್‌ನಿಂದ ಮಾರ್ಚ್‌ವರೆಗೆ ಬೀಸುವ ಈಶಾನ್ಯ ಮಾರುತವು ಹಾಯಿಹಡಗುಗಳನ್ನು ಆಫ್ರಿಕಾದ ಪೂರ್ವ ಕರಾವಳಿಗೆ ಒಯ್ಯುತ್ತಿತ್ತು. ನಂತರ ಬರುವ ನೈಋತ್ಯ ಮಾರುತವು ಅವುಗಳನ್ನು ಮರಳಿ ತರುತ್ತಿತ್ತು. 1498ರಲ್ಲಿ ವಾಸ್ಕೋ ಡ ಗಾಮನು ಮಾಲಿಂದಿ ಬಂದರಿನಲ್ಲಿ ಈ ದಾರಿ ಬಲ್ಲ ನಾವಿಕನ ನೆರವು ಪಡೆದ ನಂತರವೇ ಕಲ್ಲಿಕೋಟೆಯನ್ನು ತಲುಪಿದನು. ಈ ವ್ಯಾಪಾರದ ಗುರುತು ಸ್ವಾಹಿಲಿ ಭಾಷೆಯಲ್ಲಿ ಇಂದಿಗೂ ಇದೆ. ಅಲ್ಲಿ ವಾಹನಕ್ಕೆ 'ಗಾರಿ', ಅಂಗಡಿಗೆ 'ದುಕಾ', ವಿಮೆಗೆ 'ಬಿಮಾ', ಲಕ್ಷಕ್ಕೆ 'ಲಾಕಿ' ಎನ್ನುತ್ತಾರೆ. 'ಚಪಾತಿ'ಗೆ ಹೆಸರು ಬದಲಾಗಿಲ್ಲ.

ಕರ್ನಾಟಕದ ಜನರ ನಿತ್ಯದ ಊಟದಲ್ಲಿಯೂ ಆಫ್ರಿಕಾವಿದೆ. ರಾಗಿಯ ಮೂಲ ಇಥಿಯೋಪಿಯಾ ಮತ್ತು ಉಗಾಂಡಾದ ಎತ್ತರ ಪ್ರದೇಶಗಳೆಂದು ಸಸ್ಯವಿಜ್ಞಾನಿಗಳು ಗುರುತಿಸಿದ್ದಾರೆ. ಸಾವಿರಾರು ವರ್ಷಗಳ ಹಿಂದೆ ಅದು ಭಾರತಕ್ಕೆ ಬಂದಿತು. ಸ್ವಾಹಿಲಿಯಲ್ಲಿ ರಾಗಿಗೆ 'ವಿಂಬಿ', ಇಥಿಯೋಪಿಯಾದಲ್ಲಿ 'ದಗುಸಾ' ಎಂಬ ಹೆಸರುಗಳಿವೆ. ಪೂರ್ವ ಆಫ್ರಿಕಾದ ಮನೆಗಳಲ್ಲಿ ಹಿಟ್ಟನ್ನು ಬಿಸಿನೀರಿನಲ್ಲಿ ತೊಳಸಿ ಮಾಡುವ 'ಉಗಾಲಿ'ಯನ್ನು ಕೈಯಿಂದ ಮುರಿದು, ಸೊಪ್ಪಿನ ಪಲ್ಯದೊಂದಿಗೆ ತಿನ್ನುತ್ತಾರೆ. ಈಗ ಬಹುತೇಕ ಕಡೆ ಅದಕ್ಕೆ ಮೆಕ್ಕೆಜೋಳದ ಹಿಟ್ಟನ್ನು ಬಳಸುತ್ತಿದ್ದರೂ, ಮುದ್ದೆ ಉಣ್ಣುವವರಿಗೆ ಇದು ಹೊಸದಲ್ಲ. ಕಾಫಿಯ ಮೂಲವೂ ಇಥಿಯೋಪಿಯಾವೇ ಆಗಿದೆ. ಅಲ್ಲಿಂದ ಯೆಮೆನ್‌ಗೆ ಹೋದ ಬೆಳೆಯು 17ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರ ಮೂಲಕ ಚಿಕ್ಕಮಗಳೂರಿನ ಗಿರಿಗಳಿಗೆ ಬಂದಿತೆಂಬ ಪ್ರತೀತಿಯಿದೆ.

ಜನರ ವಲಸೆಯ ಇತಿಹಾಸವು ಎರಡೂ ದಿಕ್ಕುಗಳಲ್ಲಿದೆ. ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹಮದ್‌ನಗರದ ಪ್ರಬಲ ಆಡಳಿತಗಾರನಾದನು. ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ಮಂತ್ರಿಯಾಗಿದ್ದನು. ಗೋವೆಯ ಪೋರ್ಚುಗೀಸರ ಹಿಡಿತದಿಂದ ತಪ್ಪಿಸಿಕೊಂಡು ಬಂದವರೂ ಸೇರಿದಂತೆ ಆಫ್ರಿಕಾ ಮೂಲದ ಸಿದ್ದಿ ಜನಾಂಗವು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡು ಮೊದಲಾದ ಕಡೆಗಳ ಅರಣ್ಯ ಪ್ರದೇಶಗಳಲ್ಲಿ ನೆಲೆಸಿದೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರನ್ನು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಅವರ ಡಮಾಮ್ ವಾದ್ಯ ಹಾಗೂ ಕುಣಿತಗಳು ನಾಡಿನ ಜನಪದ ಸಂಪತ್ತಿನ ಭಾಗವಾಗಿವೆ.

ಇತ್ತ ಭಾರತದಿಂದ 1860ರಿಂದ ನಟಾಲಿನ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳನ್ನು ಕರೆದೊಯ್ಯಲಾಯಿತು. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲುಮಾರ್ಗ ನಿರ್ಮಿಸಲು ಸುಮಾರು 32,000 ಭಾರತೀಯ ಕಾರ್ಮಿಕರನ್ನು ಕರೆತರಲಾಗಿತ್ತು. ಅವರಲ್ಲಿ ಸುಮಾರು 2,500 ಮಂದಿ ಪ್ರಾಣ ಕಳೆದುಕೊಂಡರು. ಮಹಾತ್ಮ ಗಾಂಧಿಯವರು 1893ರಿಂದ 1914ರವರೆಗಿನ ಬಹುಪಾಲು ಕಾಲವನ್ನು ದಕ್ಷಿಣ ಆಫ್ರಿಕಾದಲ್ಲಿ ಕಳೆದರು. ಸತ್ಯಾಗ್ರಹವು ರೂಪುಗೊಂಡದ್ದು ಅಲ್ಲಿಯೇ.

ಪ್ರಮುಖ ಪ್ರವಾಸಿ ತಾಣಗಳು ಮತ್ತು ಸೂಕ್ತ ಅವಧಿ

ಒಂದೇ ತಿಂಗಳಿನಲ್ಲಿ ಖಂಡದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ಋತುಗಳಿರುತ್ತವೆ. ಉದಾಹರಣೆಗೆ, ಜುಲೈನಲ್ಲಿ ಕೈರೋದಲ್ಲಿ ಸುಡುಬೇಸಿಗೆ, ಸಾಹೇಲ್‌ನಲ್ಲಿ ಮಳೆಗಾಲ, ಸೆರೆಂಗೆಟಿಯಲ್ಲಿ ಒಣಹವೆ ಮತ್ತು ಕೇಪ್‌ಟೌನ್‌ನಲ್ಲಿ ಮಳೆಯಿಂದ ಕೂಡಿದ ಚಳಿಗಾಲವಿರುತ್ತದೆ. ಆದುದರಿಂದ ತಾಣವಾರು ಅವಧಿಯನ್ನು ಕೆಳಗೆ ನೀಡಲಾಗಿದೆ.

ಈಜಿಪ್ಟ್ ಮತ್ತು ಮೊರಾಕ್ಕೊ: ಪಿರಮಿಡ್‌ಗಳು, ಲಕ್ಸರ್‌ನ ದೇವಾಲಯಗಳು, ಫೆಜ್ ನಗರದ ಹಳೆಯ ಪೇಟೆ. ಈಜಿಪ್ಟಿಗೆ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ, ಮೊರಾಕ್ಕೊಗೆ ವಸಂತ ಮತ್ತು ಶರತ್ಕಾಲಗಳು ಸೂಕ್ತ.

ಸೆರೆಂಗೆಟಿ ಮತ್ತು ಮಸಾಯಿ ಮಾರಾ: ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು, ಜೊತೆಗೆ ಜೀಬ್ರಾಗಳು ಮೇವು-ನೀರನ್ನು ಅರಸುತ್ತಾ ವರ್ಷವಿಡೀ ಸುತ್ತುತ್ತವೆ. ಜನವರಿ-ಫೆಬ್ರವರಿಯಲ್ಲಿ ದಕ್ಷಿಣ ಸೆರೆಂಗೆಟಿಯಲ್ಲಿ ಮರಿ ಹಾಕುತ್ತವೆ. ಜುಲೈನಿಂದ ಅಕ್ಟೋಬರ್‌ವರೆಗೆ ಕೀನ್ಯಾದ ಮಾರಾ ಭಾಗದಲ್ಲಿ ನದಿ ದಾಟುವ ದೃಶ್ಯ ಕಾಣಸಿಗುತ್ತದೆ. ಮಾರ್ಚ್ ಅಂತ್ಯದಿಂದ ಮೇವರೆಗಿನ ದೀರ್ಘ ಮಳೆಯಲ್ಲಿ ಸಂಚಾರ ಕಷ್ಟಕರ.

ವಿಕ್ಟೋರಿಯಾ ಜಲಪಾತ: ಜಾಂಬಿಯಾ-ಜಿಂಬಾಬ್ವೆ ಗಡಿಯಲ್ಲಿ ಜಾಂಬೆಜಿ ನದಿಯು 1,708 ಮೀಟರ್ ಅಗಲವಾಗಿ, ಸುಮಾರು 108 ಮೀಟರ್ ಆಳಕ್ಕೆ ಧುಮುಕುತ್ತದೆ. ಎತ್ತರದಲ್ಲಿ ನಮ್ಮ ಜೋಗವೇ (253 ಮೀಟರ್) ಮಿಗಿಲು. ಅಗಲ ಹಾಗೂ ನೀರಿನ ರಾಶಿಯಲ್ಲಿ ಇದು ಮಿಗಿಲು. ಸ್ಥಳೀಯರು ಇದನ್ನು ಗುಡುಗುವ ಹೊಗೆ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಏಪ್ರಿಲ್ ಸುಮಾರಿಗೆ ನೀರು ಗರಿಷ್ಠವಾಗಿದ್ದು, ತುಂತುರಿನಿಂದ ಜಲಪಾತವೇ ಮರೆಯಾಗುವುದುಂಟು. ಅಕ್ಟೋಬರ್-ನವೆಂಬರ್‌ನಲ್ಲಿ ಜಾಂಬಿಯಾದ ಬದಿ ಬಹುಮಟ್ಟಿಗೆ ಬತ್ತಿರುತ್ತದೆ. ಬೇಸಿಗೆಯಲ್ಲಿ ಜೋಗಕ್ಕೆ ಹೋಗಿ ಬರಿಯ ಬಂಡೆ ಕಂಡು ಮರಳಿದವರು ಈ ಅಂಶವನ್ನು ವಿಶೇಷವಾಗಿ ಗಮನಿಸುವುದು.

ಒಕವಾಂಗೊ ಮುಖಜಭೂಮಿ, ಬೋಟ್ಸ್‌ವಾನಾ: ಈ ನದಿಯು ಸಮುದ್ರವನ್ನು ಸೇರದೆ ಒಣನಾಡಿನಲ್ಲಿಯೇ ಹರಡಿ ಇಂಗಿಹೋಗುತ್ತದೆ. ಅಂಗೋಲಾದ ಬೆಟ್ಟಗಳಲ್ಲಿ ಬಿದ್ದ ಮಳೆಯು ಇಲ್ಲಿಗೆ ತಲುಪಲು ತಿಂಗಳುಗಳೇ ಬೇಕಾಗುತ್ತವೆ. ಇದರಿಂದಾಗಿ ಸುತ್ತಲೂ ಮಳೆಯಿಲ್ಲದ ಜೂನ್-ಆಗಸ್ಟ್ ಅವಧಿಯಲ್ಲಿ ಇಲ್ಲಿ ನೀರು ತುಂಬಿರುತ್ತದೆ.

ರುವಾಂಡಾ ಮತ್ತು ಉಗಾಂಡಾ: ಪ್ರಪಂಚದಲ್ಲಿ ಸಾವಿರಕ್ಕೆ ಸ್ವಲ್ಪ ಹೆಚ್ಚಿನ ಸಂಖ್ಯೆಯಲ್ಲಿ ಮಾತ್ರ ಉಳಿದಿರುವ ಪರ್ವತ ಗೊರಿಲ್ಲಾಗಳನ್ನು ಇಲ್ಲಿ ನೋಡಬಹುದು. ಒಂದು ಗೊರಿಲ್ಲಾ ಗುಂಪಿನ ಬಳಿಗೆ ದಿನಕ್ಕೆ ಎಂಟು ಪ್ರವಾಸಿಗರಿಗೆ, ಒಂದು ಗಂಟೆ ಮಾತ್ರ ಅವಕಾಶವಿದೆ. ರುವಾಂಡಾ 2017ರಲ್ಲಿ ವಿದೇಶೀಯರ ಅನುಮತಿ ಶುಲ್ಕವನ್ನು 1,500 ಅಮೆರಿಕನ್ ಡಾಲರ್‌ಗೆ ಏರಿಸಿತು. ಜೊತೆಗೆ ಉದ್ಯಾನಗಳ ಪ್ರವಾಸೋದ್ಯಮ ಆದಾಯದಲ್ಲಿ ಸುತ್ತಲಿನ ಗ್ರಾಮಗಳ ಪಾಲನ್ನು ಶೇ. 5ರಿಂದ ಶೇ. 10ಕ್ಕೆ ಹೆಚ್ಚಿಸಿತು. ಕಾಡನ್ನು ಉಳಿಸುವುದರಲ್ಲಿ ಗ್ರಾಮಸ್ಥರಿಗೂ ಲಾಭವಿರಬೇಕು ಎಂಬುದು ಇದರ ಉದ್ದೇಶ. ಡಿಸೆಂಬರ್-ಫೆಬ್ರವರಿ ಹಾಗೂ ಜೂನ್-ಸೆಪ್ಟೆಂಬರ್ ಸೂಕ್ತ.

ಜಾಂಜಿಬಾರ್: ಹಳೆಯ ಶಿಲಾನಗರಿ, ಲವಂಗದ ತೋಟಗಳು, ಕಡಲತೀರಗಳು. ಜೂನ್‌ನಿಂದ ಅಕ್ಟೋಬರ್‌ವರೆಗೆ ಸೂಕ್ತ.

ಪ್ರವಾಸಿಗರ ವಿಶೇಷ ಗಮನಕ್ಕೆ

1. ಹಳದಿ ಜ್ವರದ ಲಸಿಕೆ: ಕೀನ್ಯಾ, ಉಗಾಂಡಾ, ಇಥಿಯೋಪಿಯಾ, ಘಾನಾ, ನೈಜೀರಿಯಾ ಸೇರಿದಂತೆ ಹಳದಿ ಜ್ವರವಿರುವ ದೇಶಗಳಿಗೆ ಹೋಗುವವರು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಲಸಿಕೆ ಪಡೆದು, ಅಂತರರಾಷ್ಟ್ರೀಯ ಪ್ರಮಾಣಪತ್ರವನ್ನು ಜೊತೆಯಲ್ಲಿಟ್ಟುಕೊಳ್ಳಬೇಕು. ಸರ್ಕಾರದಿಂದ ಅಧಿಕೃತಗೊಂಡ ಕೇಂದ್ರಗಳಲ್ಲಿ ಪಡೆದ ಲಸಿಕೆಗೆ ಮಾತ್ರ ಮಾನ್ಯತೆಯಿದೆ. 2016ರ ಜುಲೈ 11ರಿಂದ ಈ ಪ್ರಮಾಣಪತ್ರವು ಜೀವನಪರ್ಯಂತ ಮಾನ್ಯವಾಗಿದೆ. ಪ್ರಮಾಣಪತ್ರವಿಲ್ಲದೆ ಅಂತಹ ದೇಶಗಳಿಂದ ಮರಳುವವರನ್ನು ಭಾರತದ ವಿಮಾನ ನಿಲ್ದಾಣದಿಂದ ಆರು ದಿನಗಳವರೆಗೆ ಪ್ರತ್ಯೇಕ ವಾಸದಲ್ಲಿ ಇರಿಸಬಹುದಾಗಿದೆ. ಈ ನಿಯಮ ಕಠಿಣವೆನಿಸಿದರೂ ಅದಕ್ಕೆ ಕಾರಣವಿದೆ. ಹಳದಿ ಜ್ವರ ಭಾರತದಲ್ಲಿಲ್ಲ. ಆದರೆ ಅದನ್ನು ಹರಡುವ, ಡೆಂಗಿಯನ್ನೂ ಹರಡುವ ಈಡಿಸ್ ಸೊಳ್ಳೆ ಇಲ್ಲಿ ಹೇರಳವಾಗಿದೆ. ಈಜಿಪ್ಟ್, ಮೊರಾಕ್ಕೊ, ದಕ್ಷಿಣ ಆಫ್ರಿಕಾ, ನಮೀಬಿಯಾ ಮತ್ತು ಬೋಟ್ಸ್‌ವಾನಾಗಳಲ್ಲಿ ಈ ರೋಗವಿಲ್ಲ. ಆದರೆ ಮಾರ್ಗಮಧ್ಯೆ ರೋಗವಿರುವ ದೇಶದ ಮೂಲಕ ಹಾದುಬರುವವರು ನಿಯಮವನ್ನು ಮುಂಚಿತವಾಗಿ ಪರಿಶೀಲಿಸಿಕೊಳ್ಳುವುದು.

2. ಮಲೇರಿಯಾ: ಪ್ರಪಂಚದ ಮಲೇರಿಯಾ ಪ್ರಕರಣಗಳಲ್ಲಿ ಶೇ. 90ಕ್ಕೂ ಹೆಚ್ಚು ಆಫ್ರಿಕಾದಲ್ಲಿ ವರದಿಯಾಗುತ್ತವೆ. ವೈದ್ಯರ ಸಲಹೆಯಂತೆ ಮುಂಜಾಗ್ರತಾ ಮಾತ್ರೆಗಳನ್ನು ಹೋಗುವ ಮೊದಲೇ ಆರಂಭಿಸಿ, ಮರಳಿದ ನಂತರವೂ ಸೂಚಿಸಿದ ಅವಧಿಯವರೆಗೆ ಸೇವಿಸಬೇಕು. ಮರಳಿದ ಮೇಲೆ ಜ್ವರ ಬಂದಲ್ಲಿ ಪ್ರವಾಸದ ವಿವರವನ್ನು ವೈದ್ಯರಿಗೆ ತಪ್ಪದೆ ತಿಳಿಸುವುದು.

3. ಪ್ರವೇಶ ಅನುಮತಿ: ಪ್ರತಿ ದೇಶದ ನಿಯಮಗಳೂ ಪ್ರತ್ಯೇಕವಾಗಿರುತ್ತವೆ. ಕೀನ್ಯಾವು 2024ರ ಜನವರಿಯಿಂದ ವೀಸಾದ ಬದಲಿಗೆ ವಿದ್ಯುನ್ಮಾನ ಪ್ರಯಾಣ ಅನುಮತಿಯನ್ನು ಜಾರಿಗೆ ತಂದಿದೆ. ಸಂಬಂಧಪಟ್ಟ ದೇಶದ ಅಧಿಕೃತ ಜಾಲತಾಣದಲ್ಲಿ ಮಾತ್ರ ಅರ್ಜಿ ಸಲ್ಲಿಸುವುದು ಸುರಕ್ಷಿತ.

4. ಭದ್ರತೆ: ಸುಡಾನ್, ಸೊಮಾಲಿಯಾ, ಕಾಂಗೋದ ಪೂರ್ವ ಭಾಗ ಮತ್ತು ಸಾಹೇಲ್‌ನ ಕೆಲವು ದೇಶಗಳಲ್ಲಿ ಈಚಿನ ವರ್ಷಗಳಲ್ಲಿ ಸಶಸ್ತ್ರ ಸಂಘರ್ಷ ನಡೆದಿದೆ. ಜೆನ್ನೆ ಇರುವ ಮಾಲಿ ದೇಶ ಹಾಗೂ ಲಾಲಿಬೆಲಾ ಇರುವ ಅಂಹಾರಾ ಪ್ರದೇಶಕ್ಕೂ ಈ ಮಾತು ಅನ್ವಯಿಸುತ್ತದೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಆರಂಭವಾದಾಗ, ಗಿಡಮೂಲಿಕೆ ಔಷಧಿಗಳ ಮಾರಾಟಕ್ಕೆ ತೆರಳಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ ಹಲವರು ಅನ್ನ-ನೀರಿಗೂ ಕಷ್ಟಪಟ್ಟು ಅಲ್ಲಿ ಸಿಲುಕಿದ್ದರು. ಕೇಂದ್ರ ಸರ್ಕಾರದ 'ಆಪರೇಷನ್ ಕಾವೇರಿ' ಕಾರ್ಯಾಚರಣೆಯಡಿ ಅವರೂ ಸೇರಿದಂತೆ 3,800ಕ್ಕೂ ಹೆಚ್ಚು ಜನರನ್ನು ಕರೆತರಲಾಯಿತು. ವಿದೇಶಕ್ಕೆ ತೆರಳುವವರು, ವಿಶೇಷವಾಗಿ ವ್ಯಾಪಾರ ಮತ್ತು ಉದ್ಯೋಗಕ್ಕಾಗಿ ಹೋಗುವವರು, ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ತಮ್ಮ ವಿವರಗಳನ್ನು ನೋಂದಾಯಿಸುವುದು. ತಾವು ಎಲ್ಲಿದ್ದೀರೆಂಬುದು ಕಚೇರಿಗೆ ತಿಳಿದಿದ್ದಲ್ಲಿ ಮಾತ್ರ ತುರ್ತು ಸಂದರ್ಭದಲ್ಲಿ ನೆರವು ಬೇಗ ತಲುಪಲು ಸಾಧ್ಯ.

5. ಸಸ್ಯಾಹಾರ: ಇಥಿಯೋಪಿಯಾದ ಕ್ರೈಸ್ತರು ಬುಧವಾರ ಮತ್ತು ಶುಕ್ರವಾರಗಳಂದು ಹಾಗೂ ದೀರ್ಘ ಉಪವಾಸಗಳ ಅವಧಿಯಲ್ಲಿ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಸೇವಿಸುವುದಿಲ್ಲ. ಆ ದಿನಗಳಲ್ಲಿ ಬೇಳೆ, ತರಕಾರಿಗಳ ಊಟ ಎಲ್ಲೆಡೆ ದೊರೆಯುತ್ತದೆ. ಹುದುಗು ಬರಿಸಿದ ಹಿಟ್ಟಿನಿಂದ ದೋಸೆಯಂತೆ ಹುಯ್ಯುವ 'ಇಂಜೆರಾ' ಅಲ್ಲಿನ ಮುಖ್ಯ ಆಹಾರ. ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ದೊಡ್ಡ ನಗರಗಳಲ್ಲಿ ಭಾರತೀಯ ಉಪಾಹಾರಗೃಹಗಳಿವೆ.

6. ನಡವಳಿಕೆ: ಅನುಮತಿ ಪಡೆಯದೆ ಜನರ ಛಾಯಾಚಿತ್ರ ತೆಗೆಯಬಾರದು. ರುವಾಂಡಾ (2008), ಕೀನ್ಯಾ (2017) ಮತ್ತು ಟಾಂಜಾನಿಯಾ (2019) ದೇಶಗಳು ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ್ದು, ದಂಡ ವಿಧಿಸಲು ಅವಕಾಶವಿದೆ. ದಂತ, ಚರ್ಮ ಮೊದಲಾದ ವನ್ಯಜೀವಿ ವಸ್ತುಗಳನ್ನು ಖರೀದಿಸುವುದು ಅಪರಾಧವಾಗುತ್ತದೆ.

ಉಪಸಂಹಾರ

2023ರ ಸೆಪ್ಟೆಂಬರ್‌ನಲ್ಲಿ ನವದೆಹಲಿಯಲ್ಲಿ ನಡೆದ ಜಿ-20 ಶೃಂಗಸಭೆಯಲ್ಲಿ ಆಫ್ರಿಕನ್ ಒಕ್ಕೂಟಕ್ಕೆ ಕಾಯಂ ಸದಸ್ಯತ್ವ ನೀಡಲಾಯಿತು. ಖಂಡದೊಂದಿಗಿನ ನಮ್ಮ ವ್ಯವಹಾರಗಳು ಇನ್ನು ಮುಂದೆ ಹೆಚ್ಚುವ ಸಾಧ್ಯತೆಯಿರುವುದರಿಂದ, ಅದರ ಬಗ್ಗೆ ಸರಿಯಾದ ತಿಳಿವಳಿಕೆಯೂ ಅಗತ್ಯವಾಗಿದೆ. ಒಂದೇ ಪ್ರವಾಸದಲ್ಲಿ ಆಫ್ರಿಕಾವನ್ನು ನೋಡಿ ಮುಗಿಸಲು ಯಾರಿಂದಲೂ ಆಗದು. ಒಂದು ದೇಶವನ್ನು ಅಥವಾ ಒಂದು ನದೀ ಕಣಿವೆಯನ್ನು ಆರಿಸಿಕೊಂಡು, ಅಲ್ಲಿನ ಋತು, ಭಾಷೆ ಮತ್ತು ಊಟದ ವಿವರಗಳನ್ನು ಮೊದಲೇ ತಿಳಿದು ಹೊರಡುವುದು ಸೂಕ್ತ. ಹಾಗೆ ಹೋದವರಿಗೆ ರಾಗಿಯ ತವರಿನಲ್ಲಿ ತಮ್ಮ ಮನೆಯ ಊಟದ ಗುರುತು ಸಿಕ್ಕರೆ ಆಶ್ಚರ್ಯವಿಲ್ಲ.

ಪ್ರಯಾಣಕ್ಕೆ ಮುನ್ನ ವಿದೇಶಾಂಗ ಸಚಿವಾಲಯದ ಪ್ರಯಾಣ ಸಲಹೆಗಳು ಹಾಗೂ ಆರೋಗ್ಯ ನಿಯಮಗಳನ್ನು ಪರಿಶೀಲಿಸಿಕೊಳ್ಳಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.